ಅಂಗೈಗೆ ತಾಗದ ಹಿಡಿಕೆ

ಆ ಬುಧವಾರ ಸಂಜೆ ನೀಲಕ್ಕ ನನ್ನನ್ನು ಸೋಲಿಸಿದಳು. ಹೊಸದೇನಲ್ಲ, ವಾರದಲ್ಲಿ ಹೆಚ್ಚು ದಿನ ಸೋಲುವವಳು ನಾನೇ. ಬ್ಯಾಡಗಿಯಲ್ಲಿ ನಮ್ಮ ಓಣಿಯ ಹಿಂದಿರುವ ಶಾಲೆಯ ಮೈದಾನದಲ್ಲಿ, ಮೆಣಸಿನಕಾಯಿ ಶೆಡ್ಡಿನ ಕೆಲಸ ಮುಗಿಸಿ ಬಂದ ನಾವು ಕೆಲವು ಹೆಂಗಸರು ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದೆವು. ಕೆಲವರು ವೇಲನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದರು, ಕೆಲವರು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ಏರಿಸುತ್ತಿದ್ದರು. ನೀಲಕ್ಕ ಹಳದಿ ಉಣ್ಣೆಯ ಚೆಂಡನ್ನು ನೆಟ್ಟಿನ ಮೇಲಿಂದ ಸವರಿಕೊಂಡು ಹೋಗುವಂತೆ ಕೊಯ್ದು ಹೊಡೆದಳು. ಅದು ನನ್ನ ಎಡಗಾಲ ಹತ್ತಿರ ಬಿದ್ದು, ಏಳದೆ ಅಲ್ಲೇ ತಿರುಗಿತು.

"ಎತ್ತಿಕೋ ಸವಿ, ಕಾಲಾಗ ಬಿದ್ದೈತಿ. ನಾಯಿಮರಿ ಮಲಗಿದಂಗ ಮಲಗೈತಿ ನೋಡ."

ಮನೆಗೆ ಬರುವಾಗ ಮೆಂತ್ಯ ಸೊಪ್ಪು ಕೊಂಡಳು. ಹಿಟ್ಟಿನ ಡಬ್ಬಿಯ ಮೇಲಿನ ಮೊಳೆಗೆ ಬ್ಯಾಟು ತೂಗಿ ಹಾಕಿದಳು. ನಾನು ಮಾಡಿದ ಝುಣಕಕ್ಕೆ ಉಪ್ಪು ಕಡಿಮೆ ಎಂದು ಬೈದು, ಎರಡು ಸಲ ಹಾಕಿಸಿಕೊಂಡು ತಿಂದಳು. "ನಾಳೆ ಗುರುವಾರ, ಮಾರ್ಕೆಟ್ಟಿನ ದಿನ. ಲಗೂ ಏಳು," ಎಂದಳು.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ, ಹೆಂಗಸರ ಸಾಲಿನ ನಡುವೆ, ಕೂತಲ್ಲೇ ನನ್ನ ಹೆಗಲಿಗೆ ಒರಗಿದಳು. ನಿದ್ದೆ ಬಂದಿರಬೇಕು ಎಂದುಕೊಂಡೆ. ತಲೆಯೊಳಗೆ ನರ ಒಡೆದಿದೆ ಎಂದು ದಾವಣಗೆರೆಯ ಆಸ್ಪತ್ರೆಯಲ್ಲಿ ಹೇಳಿದರು. ಸಂಜೆ ಹೊತ್ತಿಗೆ ಅವಳನ್ನು ಮನೆಗೆ ತಂದೆವು. ಅವಳಿಗೆ ನಲವತ್ತೂ ಆಗಿರಲಿಲ್ಲ.

ನೀಲಕ್ಕ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಮಾತಾಡಿಸಲು ಬಂದವರು ಭಾವನ ಕೈ ಹಿಡಿದು ಕೂತರು, ಅತ್ತೆಯ ಮುಂದೆ ಅತ್ತರು, ಹಾನಗಲ್ಲಿನಿಂದ ಬಂದಿದ್ದ ಅವಳ ತಂಗಿಯನ್ನು ತಬ್ಬಿಕೊಂಡರು. ನನ್ನ ಕೈಗೆ ಚಹಾದ ತಾಟು ಕೊಟ್ಟರು. "ಒಡಹುಟ್ಟಿದಾಕಿ ಅಲ್ಲಲ್ಲವ್ವ, ಇಷ್ಟ್ಯಾಕ ಹಚ್ಕೊಂಡಿ?" ಎಂದು ಒಬ್ಬರು ಕೇಳಿದರು. ನೆಗೆಣ್ಣಿ ಸತ್ತರೆ ಎಷ್ಟು ದಿನ ಅಳಬಹುದು ಎಂದು ಯಾರೂ ಗೊತ್ತು ಮಾಡಿಲ್ಲ. ಹಾಗಾಗಿ ನನಗೆ ಬೇಕಾದಷ್ಟು ದಿನ ಅಳುತ್ತೇನೆ.

ಈಗ ಮತ್ತೆ ಮಾರ್ಕೆಟ್ಟಿಗೆ ಹೊಸ ಕಾಯಿ ಬಂದಿದೆ. ಬಸ್ಸಿನಿಂದ ಇಳಿದ ಪರವೂರಿನವರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ, ನಮಗೆ ಅದು ಊರಿನ ಗಾಳಿ. ಆ ಘಾಟು ಮೂಗಿಗೆ ಬಡಿದರೆ ಸಾಕು, ಒಂದೇ ಒಂದು ಸುಗ್ಗಿ ನೆನಪಾಗುತ್ತದೆ. ಅವಳು ಹೋಗುವುದಕ್ಕೆ ಎರಡು ವರ್ಷ ಮೊದಲಿನದು. ಅವಳು ಬ್ಯಾಟು ಹಿಡಿಯುವ ರೀತಿಯನ್ನು ಎಲ್ಲರೂ ಸೇರಿ ಬದಲಿಸಲು ಹೊರಟ ಸುಗ್ಗಿ.

ಅವಳ ಹಿಡಿತದ ಬಗ್ಗೆ ಮೊದಲು ಹೇಳಬೇಕು. ನಾನು ಹಲಗೇರಿಯವಳು. ಹೈಸ್ಕೂಲಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಕೈ ಕುಲುಕುವ ಹಾಗೆ ಬ್ಯಾಟಿನ ಹಿಡಿಕೆಯನ್ನು ಅಂಗೈ ತುಂಬ ಹಿಡಿಯಬೇಕು ಎಂದು ಕಲಿಸಿದ್ದರು. ಮದುವೆಯಾಗಿ ಬ್ಯಾಡಗಿಗೆ ಬಂದಾಗ ನನ್ನ ಟ್ರಂಕಿನಲ್ಲಿ ಆ ಬ್ಯಾಟು ಇತ್ತು. ಅದನ್ನು ನೋಡಿ ಅತ್ತೆ ತಲೆ ಮೇಲೆ ಕೈ ಹೊತ್ತರು, ನೀಲಕ್ಕ ಕೈಗೆ ತೆಗೆದುಕೊಂಡಳು. ಶಾಲೆಯಲ್ಲಿ ಆಡದೆ, ಯಾರಿಂದಲೂ ಕಲಿಯದೆ, ಮದುವೆಯಾದ ಮೇಲೆ ಆಟ ಶುರು ಮಾಡಿದವಳು ಅವಳು.

ಶೆಡ್ಡಿನಲ್ಲಿ ನಮ್ಮ ಕೆಲಸ ಮೆಣಸಿನಕಾಯಿಯ ತೊಟ್ಟು ಮುರಿಯುವುದು. ನಮ್ಮಲ್ಲಿ ಅದಕ್ಕೆ ತುಂಬು ಬಿಡಿಸೋದು ಅನ್ನುತ್ತಾರೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದನ್ನು ದಿನವಿಡೀ ಬಿಡಿಸಿದರೂ ಕೈ ತಡೆದುಕೊಳ್ಳುತ್ತದೆ. ಗುಂಟೂರು ಕಾಯಿ ಬಂದ ದಿನ ಮಾತ್ರ ಬೇರೆ. ಬೆರಳ ತುದಿ ಜಡ್ಡುಗಟ್ಟಿರುತ್ತದೆ, ಅದಕ್ಕೇನೂ ಆಗುವುದಿಲ್ಲ. ಉರಿಯುವುದು ಅಂಗೈ. ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದರೂ, ಸಂಜೆ ಸೋಪು ಹಚ್ಚಿ ತೊಳೆದರೂ, ಬೆವರು ಮುಟ್ಟಿದೊಡನೆ ಉರಿ ಎದ್ದು ಕೂರುತ್ತದೆ. ನಾವು ಉಳಿದವರು ಅಂಥ ದಿನ ಆಟ ಬಿಡುತ್ತಿದ್ದೆವು. ನೀಲಕ್ಕ ಬಿಡಲಿಲ್ಲ. ಹಿಡಿಕೆಯನ್ನು ಅಂಗೈಗೆ ತಾಗಿಸದೆ ಹಿಡಿಯುವುದನ್ನು ಕಂಡುಕೊಂಡಳು. ಹೆಬ್ಬೆರಳ ತುದಿ ಒಂದು ಕಡೆ, ಎರಡು ಬೆರಳ ತುದಿ ಇನ್ನೊಂದು ಕಡೆ, ತೋರುಬೆರಳು ಬ್ಯಾಟಿನ ಕುತ್ತಿಗೆಯ ಮೇಲೆ ನೇರವಾಗಿ ಚಾಚಿ. ಅಂಗೈಗೂ ಹಿಡಿಕೆಗೂ ನಡುವೆ ಒಂದು ಗುಬ್ಬಿಮರಿ ಕೂರುವಷ್ಟು ಜಾಗ.

ನಮ್ಮ ಜೊತೆ ಆಡುತ್ತಿದ್ದ ಶಮೀಮ, ಪಕ್ಕದ ಓಣಿಯವಳು, ಶೆಡ್ಡಿನಲ್ಲೂ ನಮ್ಮ ಸಾಲಿನವಳು, ಅದನ್ನು ಮೊದಲ ಸಲ ನೋಡಿದಾಗ ಕೂತುಬಿಟ್ಟು ನಕ್ಕಿದ್ದಳು. "ಅರೇ ನೀಲಕ್ಕಾ, ಸತ್ತ ಇಲಿ ಬಾಲ ಹಿಡದಂಗ ಹಿಡದೀಯಲ್ಲ! ಒಗೀತಿಯೋ, ಆಡ್ತಿಯೋ?"

"ಆಡಿ ನಿನ್ನ ಮ್ಯಾಲ ಒಗೀತೀನಿ, ನಿಲ್ಲು."

ಹಾಗೆ ಹಿಡಿದರೆ ಚೆಂಡನ್ನು ದೂರ ಹೊಡೆಯಲು ಆಗುತ್ತಿರಲಿಲ್ಲ. ಆದರೆ ಉಣ್ಣೆಯ ಚೆಂಡು ಅವಳ ಬ್ಯಾಟಿನ ತಂತಿಗೆ ಸವರಿಕೊಂಡು ಹೋದರೆ ಗಾಳಿಯಲ್ಲೇ ಯಾವ ಕಡೆ ತಿರುಗಿ ಬೀಳುತ್ತದೆ ಎಂದು ದೇವರಿಗೂ ತಿಳಿಯುತ್ತಿರಲಿಲ್ಲ. ಬಾಲ್ ಬ್ಯಾಡ್ಮಿಂಟನ್ ಒಂದು ಕಡೆಗೆ ಐದು ಜನರ ಆಟ. ಅವಳ ಜಾಗ ಹಿಂದಿನ ಎಡ ಮೂಲೆ. ಚೆಂಡು ಆ ಕಡೆ ಬಂದರೆ ನಮ್ಮನ್ನು ಯಾರನ್ನೂ ಅಲುಗಾಡಲು ಬಿಡುತ್ತಿರಲಿಲ್ಲ. "ನಂದು, ಬಿಡ!" ಎಂದು ಕೂಗುತ್ತಿದ್ದಳು. ಅವಳದಲ್ಲದ ಚೆಂಡಿಗೂ ಕೂಗುತ್ತಿದ್ದಳು.

ಆ ಸುಗ್ಗಿಯಲ್ಲಿ ಹಾವೇರಿಯಿಂದ ಹೆಂಗಸರ ಒಂದು ತಂಡ ನಮ್ಮ ಜೊತೆ ಆಡಲು ಬಂತು. ಜೊತೆಗೆ ಅವರ ಕೋಚ್ ಸರ್. ಬಿಳಿ ಟೋಪಿ, ಕೊರಳಲ್ಲಿ ಸೀಟಿ, ನಿವೃತ್ತಿಯಾದರೂ ಬೆನ್ನು ಬಗ್ಗದ ಮನುಷ್ಯ. ಜಿಲ್ಲೆಗೆ ಒಂದು ಮಹಿಳಾ ತಂಡ ಕಟ್ಟುತ್ತಿದ್ದರು, ರಾಣೇಬೆನ್ನೂರಿನಲ್ಲಿ ನಡೆಯುವ ಪಂದ್ಯಾವಳಿಗೆ. ಅದು ಗುರುವಾರ. ಬೆಳಿಗ್ಗೆಯೆಲ್ಲ ಗುಂಟೂರು ಕಾಯಿ ಬಿಡಿಸಿ ನೇರ ಮೈದಾನಕ್ಕೆ ಹೋಗಿದ್ದೆವು. ಅಷ್ಟೇ ಅಲ್ಲ, ಚೆಂಡನ್ನು ನೀಲಕ್ಕ ಶೆಡ್ಡಿಗೆ ಒಯ್ಯುವ ಚೀಲದಲ್ಲೇ ಇಟ್ಟುಕೊಂಡು ಬಂದಿದ್ದಳು. ಅದರ ಉಣ್ಣೆ ಖಾರ ಕುಡಿದು ಕೂತಿತ್ತು. ಅದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ, ನಮ್ಮ ಮೂಗಿಗೆ ಅದು ವಾಸನೆಯೇ ಅಲ್ಲವಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಹಾವೇರಿಯವಳೊಬ್ಬಳು ಸೀನಿದಳು. ಆಮೇಲೆ ಇನ್ನೊಬ್ಬಳು. ಮೂರನೆಯವಳು ಚೆಂಡು ಎತ್ತಿಕೊಟ್ಟ ಕೈಯಿಂದ ಬೆವರು ಒರೆಸಿಕೊಂಡು, "ಅಯ್ಯಯ್ಯೋ ಕಣ್ಣು!" ಎಂದು ಕೂತೇಬಿಟ್ಟಳು. "ಸರ್, ಇವರು ಚೆಂಡಿಗೆ ಖಾರ ಹಚ್ಚ್ಯಾರ್ರಿ!"

"ಹಚ್ಚಿಲ್ಲ ಬಿಡ್ರಿ, ಅದ ಹತ್ತೈತಿ," ಎಂದಳು ನೀಲಕ್ಕ. "ಬ್ಯಾಡಗ್ಯಾಗ ದೇವರ ಪ್ರಸಾದಕ್ಕೂ ಹತ್ತತೈತಿ."

ಶಮೀಮ ನೀರು ತರಲು ಓಡಿದಳು. ಕೋಚ್ ಸರ್ ಚೆಂಡು ಮೂಸಿ ನೋಡಿ ಮುಖ ಕಿವುಚಿದರು. ನಮ್ಮೆಲ್ಲರ ಕೈ ತೋರಿಸಲು ಹೇಳಿದರು. ನೀಲಕ್ಕನ ಕೈ ನೋಡುವಾಗ ಅವಳು ಬ್ಯಾಟು ಹಿಡಿದಿದ್ದ ರೀತಿ ಕಣ್ಣಿಗೆ ಬಿತ್ತು. ಖಾರವನ್ನು ಅಲ್ಲಿಗೇ ಮರೆತರು.

"ಇದೇನ್ರೀ ಇದು? ಹಿಂಗ ಯಾರು ಹೇಳಿಕೊಟ್ರು ನಿಮಗ?"

"ಮೆಣಸಿನಕಾಯಿ ಹೇಳಿಕೊಟ್ಟೈತ್ರಿ."

ಬೇರೆ ಚೆಂಡು ತರಿಸಿ ಆಟ ಮುಗಿಸಿದೆವು. ನೀಲಕ್ಕ ಅವರನ್ನು ಮೈದಾನದ ತುಂಬ ಓಡಾಡಿಸಿದಳು. ಹೊರಡುವ ಮುಂಚೆ ಕೋಚ್ ಸರ್ ನಮ್ಮಿಬ್ಬರನ್ನೂ ಕರೆದರು. ನನಗೆ ಆಯ್ಕೆಯ ದಿನ ಬರಲು ಹೇಳಿದರು. ಅವಳಿಗೆ ಬೇರೆಯೇ ಮಾತು. "ನೀಲಮ್ಮಾರ, ನಿಮ್ಮಂಥ ಕಣ್ಣು ನಾ ನೋಡಿಲ್ಲ. ಆದ್ರ ಈ ಹಿಡಿತದಾಗ ನಮ್ಮ ಹಿಂದಿನ ಗೆರಿಯಿಂದ ಅವರ ಹಿಂದಿನ ಗೆರಿಗೆ ಚೆಂಡು ಮುಟ್ಟಂಗಿಲ್ಲ. ದೊಡ್ಡ ಟೀಮಿನವರು ಒಂದ ತಾಸಿನ್ಯಾಗ ಕಂಡುಹಿಡೀತಾರ. ಮಣಿಕಟ್ಟೂ ಹಾಳಾಕ್ಕೈತಿ. ಸರಿಯಾಗಿ ಹಿಡಿಯೋದು ಕಲೀರಿ, ನಿಮ್ಮ ಜಾಗ ಗಟ್ಟಿ. ಆಯ್ಕೆ ತನಕ ಶೆಡ್ಡಿನ ಕೆಲಸ ಬಿಡ್ರಿ, ಅಂಗೈ ತಣ್ಣಗಾಗ್ಲಿ."

ಅವರು ಕೆಟ್ಟವರಲ್ಲ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅದನ್ನು ನಾನು ಇವತ್ತಿಗೂ ಹೇಳುತ್ತೇನೆ.

ನೀಲಕ್ಕನಿಗೆ ತಂಡಕ್ಕೆ ಸೇರುವ ಆಸೆ ಎಷ್ಟಿತ್ತು ಎಂದು ನನಗೆ ಮಾತ್ರ ಗೊತ್ತು. ಬೆನ್ನ ಮೇಲೆ ಹೆಸರು ಬರೆದ ಅಂಗಿ ಕೊಡುತ್ತಾರೆ ಎಂದು ಶಮೀಮ ಹೇಳಿದ್ದಳು. ನೀಲಕ್ಕ ರೊಟ್ಟಿ ಬಡಿಯುತ್ತಾ, "ನೀಲಮ್ಮ ಅಂತ ಬರೀತಾರೋ, ಮನೆತನದ ಹೆಸರು ಹಾಕ್ತಾರೋ?" ಎಂದು ಕೇಳಿದ್ದಳು. ಮದುವೆಯಾದ ಮೇಲೆ, ಕೋಚ್ ಸರ್ ಬರುವ ತನಕ, ಅವಳನ್ನು ಪೂರ್ತಿ ಹೆಸರಿನಿಂದ ಕರೆದದ್ದು ರೇಷನ್ ಅಂಗಡಿಯವನು ಮಾತ್ರ. ಶೆಡ್ಡು ಬಿಡಲು ಅವಳು ಒಪ್ಪಲಿಲ್ಲ, ಆ ಸಾಲಿಗೆ ಅವಳೇ ಮುಂದಾಳು. ಹಿಡಿತ ಬದಲಿಸಲು ಒಪ್ಪಿದಳು. ಉರಿಯುವ ಅಂಗೈಯಲ್ಲೇ ಹಿಡಿಕೆಯನ್ನು ತುಂಬ ಹಿಡಿದು, ಹಲ್ಲು ಕಚ್ಚಿಕೊಂಡು ದಿನಾ ಸಂಜೆ ನನ್ನ ಜೊತೆ ಆಡಿದಳು. ನಾನು ಹಲಗೇರಿಯಲ್ಲಿ ಕಲಿತದ್ದನ್ನೆಲ್ಲ ಹೇಳಿಕೊಟ್ಟೆ. ರಾತ್ರಿ ಮಲಗುವ ಮುಂಚೆ ಅವಳು ಕೈಯನ್ನು ಮಜ್ಜಿಗೆಯ ಬಟ್ಟಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು.

ಒಂದು ದಿನ ಅತ್ತೆ ಅದನ್ನು ನೋಡಿದರು. ಸೊಸೆಯರು ಚೆಂಡಾಡುತ್ತಾರೆ ಎಂದು ಊರೆಲ್ಲ ಕೇಳುವಂತೆ ಗೊಣಗುತ್ತಿದ್ದವರು ಅವರೇ. ಆ ದಿನ ಸುಮ್ಮನೆ ಪಕ್ಕದಲ್ಲಿ ಕೂತರು.

"ಸಣ್ಣಾಕಿದ್ದಾಗ ನಂದು ಎಡಗೈ ಇತ್ತು," ಎಂದರು. "ಎಡಗೈಲೆ ಉಂಡ್ರ, ಕಸ ಬಳದ್ರ ಅಪಶಕುನ ಅಂತ ನಮ್ಮವ್ವ ಸೆರಗಿನ್ಯಾಗ ಕಟ್ಟಿ ಹಾಕಿದ್ಲು. ಬಲಗೈ ಕಲ್ತೆ. ಎಲ್ಲಾ ಬಲಗೈಲೆನ ಮಾಡ್ತೀನಿ. ಆದ್ರ ಈಗೂ ಸೂಜಿ ಕಂಡ್ರ ಮೊದಲು ಎಡಗೈನ ಹೊಂಡತೈತಿ. ಹೋಗಿ ನಾಚ್ಕೊಂಡು ಹಿಂದ ಬರತೈತಿ."

ನೀಲಕ್ಕ ನಕ್ಕಳು. "ಮತ್ತ ನಾ ಏನ್ ಮಾಡ್ಲಿ ಅತ್ತಿ?"

"ನನಗೇನು ಗೊತ್ತವ್ವ, ನಿಮ್ಮ ಚೆಂಡಾಟ. ಮಜ್ಜಿಗಿ ಮಾತ್ರ ಹಾಳು ಮಾಡಬ್ಯಾಡ," ಎಂದು ಎದ್ದು ಹೋದರು.

ಆಯ್ಕೆ ಹಾವೇರಿಯ ಮೈದಾನದಲ್ಲಿ. ಬಿಸಿಲು ಏರಿತ್ತು. ಅಗಡಿಯಿಂದ, ಐರಣಿಯಿಂದ, ಬೇರೆ ಬೇರೆ ಊರುಗಳಿಂದ ಹುಡುಗಿಯರು ಬಂದಿದ್ದರು. ನಮ್ಮಷ್ಟು ವಯಸ್ಸಿನವರು ನಾವಷ್ಟೇ. ಮೊದಲ ಆಟ ನೀಲಕ್ಕ ಸರಿಯಾದ ಹಿಡಿತದಲ್ಲಿ ಆಡಿದಳು. ಚೆನ್ನಾಗಿಯೇ ಆಡಿದಳು. ಚೆಂಡು ಹಿಂದಿನ ಗೆರೆಯಿಂದ ಹಿಂದಿನ ಗೆರೆಗೆ ಮುಟ್ಟಿತು. ಕೋಚ್ ಸರ್ ತಲೆದೂಗಿ ಏನೋ ಬರೆದುಕೊಂಡರು. ಆ ಬರೆಹ ನಮ್ಮ ಪರವಾಗಿದೆ ಎಂದು ದೂರದಿಂದಲೇ ತಿಳಿಯುತ್ತಿತ್ತು. ಆದರೆ ನನಗೆ ಏನೋ ಕೊರತೆ ಅನ್ನಿಸುತ್ತಲೇ ಇತ್ತು. ಅವಳ ಮುಂದೆ ನಿಂತು ಆಡುತ್ತಿದ್ದ ನನಗೆ ಬೆನ್ನ ಹಿಂದೆ ಯಾರೂ ಇಲ್ಲ ಅನ್ನಿಸುತ್ತಿತ್ತು. ಆಟ ಮುಗಿದು ನೀರು ಕುಡಿಯುವಾಗ ಹೊಳೆಯಿತು. ಅವಳು ಒಂದು ಸಲವೂ ಕೂಗಿರಲಿಲ್ಲ. ಅವಳ ಮೂಲೆಗೆ ಬಂದ ಚೆಂಡನ್ನು, ಹೊಸ ಮನೆಯಲ್ಲಿ ಹೊಸ ಸೊಸೆ ತಟ್ಟೆ ಎತ್ತುವ ಹಾಗೆ, ಸದ್ದಿಲ್ಲದೆ ಎತ್ತಿ ಹೊಡೆದಿದ್ದಳು.

"ಅಕ್ಕ, ಯಾಕ ಸುಮ್ಮನದೀ?"

"ಕೂಗಾಕ ಬಾಯಿ ಬರವಲ್ದು ಸವಿ. ಈ ಕೈಲೆ ಆಡಿದ್ದು ಯಾರದೋ ಅನಸ್ತೈತಿ."

ಎರಡನೆಯ ಆಟ ಶುರುವಾಯಿತು. ನೆಟ್ಟಿನ ಆಚೆಯಿಂದ ಎತ್ತರದ ಹುಡುಗಿಯೊಬ್ಬಳು ಎಡ ಮೂಲೆಗೆ ಜೋರಾಗಿ ಹೊಡೆದಳು. ನಾನು ಹಿಂದಕ್ಕೆ ಹೆಜ್ಜೆ ಇಟ್ಟೆ.

"ನಂದು, ಬಿಡ!"

ತಿರುಗಿ ನೋಡುವ ಅಗತ್ಯವೇ ಬೀಳಲಿಲ್ಲ. ಹಿಡಿತ ಬದಲಾಗಿದೆ ಎಂದು ತಿಳಿಯಿತು. ಚೆಂಡು ನನ್ನ ಕಿವಿಯ ಪಕ್ಕದಿಂದ ಮೆಲ್ಲಗೆ ಹೋಗಿ, ಎತ್ತರದ ಹುಡುಗಿಯ ಕಾಲ ಬುಡದಲ್ಲಿ ಬಿದ್ದು ಮಲಗಿತು. ಆಮೇಲೆ ಅವಳು ಆಡಿದಂಥ ಆಟವನ್ನು ಹಾವೇರಿಯ ಆ ಮೈದಾನ ಹಿಂದೆ ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಸೀಟಿ ಊದಬೇಕಾದವರೂ ಮರೆತು ನಿಂತಿದ್ದರು. ನಾವು ಗೆದ್ದೆವು.

ಕೋಚ್ ಸರ್ ಹತ್ತಿರ ಬಂದರು. ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು ಅವರ ಮುಖದಲ್ಲಿ. "ಏನ್ ಮಾಡಿದ್ರಿ ನೀಲಮ್ಮಾರ? ಗಟ್ಟಿ ಆಗಿತ್ತಲ್ರೀ ನಿಮ್ಮ ಜಾಗ. ಈಗೂ ಮಾತು ಕೊಡ್ರಿ, ರಾಣೇಬೆನ್ನೂರಾಗ ಸರಿಯಾಗಿ ಹಿಡೀತೀನಿ ಅಂತ. ಹೆಸರು ಬರೀತೀನಿ."

"ಆ ಕೈ ಹಿಡಿದ್ರ ಹೆಸರು ಬರೀತೀರಿ. ಆದ್ರ ಆ ಕೈ ನಂದಲ್ರಿ ಸರ. ಯಾರ ಹೆಸರು ಬರೀತೀರಿ ಹಂಗಾದ್ರ?"

"ಹಟ ಮಾಡಬ್ಯಾಡ್ರಿ. ಐದೂ ಮಂದಿ ಒಂದ ಥರಾ ಆಡಿದ್ರ ಟೀಮು."

"ಐದೂ ಮಂದಿ ಒಂದ ಥರಾ ಇದ್ರ ನಾಕು ಮಂದಿ ಯಾಕ ಬೇಕ್ರಿ? ಒಬ್ಬಾಕಿನ್ನ ಇಟಗೋರಿ." ಹೀಗೆಂದು ಕೈ ಮುಗಿದಳು. ಮುಗಿದದ್ದು ಅಣಕವಲ್ಲ, ಆ ಮನುಷ್ಯರ ಮೇಲೆ ಅವಳಿಗೆ ಗೌರವವಿತ್ತು.

ಬಸ್ಸಿನಲ್ಲಿ ನಾನು, "ನಾನೂ ಹೋಗಂಗಿಲ್ಲ," ಎಂದೆ. ಅವಳು ತೊಡೆ ಚಿವುಟಿದಳು. "ಯಾಕ? ಇಬ್ಬರೂ ಮನ್ಯಾಗ ಕುಂತ್ರ ಅವರಿಗೇನು ಹೋಗತೈತಿ? ನೀ ಹೋಗು. ನಿನ್ನ ಹಿಡಿತ ನಿಂದು, ಹಲಗೇರ್ಯಾಗ ಕಲ್ತದ್ದು. ನೀ ಯಾಕ ಬಿಡ್ತಿ?"

ಹೋದೆ. ರಾಣೇಬೆನ್ನೂರಿನಲ್ಲಿ ನಾವು ಎರಡನೆಯ ಪಂದ್ಯದಲ್ಲೇ ಸೋತೆವು. ನೀಲಕ್ಕ, ಶಮೀಮ ಇಬ್ಬರೂ ಗೆರೆಯಾಚೆ ಮಂಡಕ್ಕಿ ತಿನ್ನುತ್ತಾ ಕೂತಿದ್ದರು. ಎಡ ಮೂಲೆಗೆ ಚೆಂಡು ಬಂದಾಗಲೆಲ್ಲ ನೀಲಕ್ಕ ಹೊರಗಿನಿಂದಲೇ "ನಂದು, ಬಿಡ!" ಎಂದು ಕೂಗುತ್ತಿದ್ದಳು, ನಮ್ಮ ಹುಡುಗಿಯರು ನಿಜವಾಗಿಯೂ ಬಿಟ್ಟುಬಿಡುತ್ತಿದ್ದರು. ಅಂಪೈರು ಎರಡು ಸಲ ಬೈದರು. ಮೂರನೆಯ ಸಲ ಮಂಡಕ್ಕಿ ಸಮೇತ ದೂರ ಕಳಿಸಿದರು.

ಸುಗ್ಗಿ ಮುಗಿದು ಮಳೆಗಾಲ ಬಂತು. ಶೆಡ್ಡು ಖಾಲಿ, ಅಂಗೈ ತಣ್ಣಗೆ. ಆದರೂ ನೀಲಕ್ಕ ಬ್ಯಾಟನ್ನು ಹಾಗೆಯೇ ಹಿಡಿಯುತ್ತಿದ್ದಳು. "ಈಗ ಉರಿಯಂಗಿಲ್ಲಲ್ಲಕ್ಕ, ಈಗ್ಯಾಕ ಹಿಂಗ?" ಎಂದು ಕೇಳಿದೆ.

"ಉರಿ ಕಲಿಸಿತ್ತು, ಖರೇ. ಉರಿ ಹೋತು ಅಂತ ಕಲ್ತದ್ದು ವಾಪಸ್ ಕೊಡ್ಬೇಕೇನು?" ಎಂದಳು.

ಅದಾಗಿ ಎರಡು ಸುಗ್ಗಿ ಅವಳು ಹಾಗೆಯೇ ಆಡಿದಳು. ಆಮೇಲೆ ಆ ಗುರುವಾರ.

ಅವಳು ಹೋದ ಐದನೆಯ ದಿನ ಶಾಲೆಯ ಗೇಟಿಗೆ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿದರು. ಓಣಿಯ ಹುಡುಗರೂ ಹಾವೇರಿಯ ಆಟಗಾರರೂ ಸೇರಿ ಪ್ರೀತಿಯಿಂದ ಮಾಡಿಸಿದ್ದು. ನೀಲಮ್ಮ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ ಎಂದು ಮೇಲೆ ದಪ್ಪಕ್ಷರ. ಅವಳ ಹೆಸರನ್ನು ಅಷ್ಟು ದೊಡ್ಡದಾಗಿ ಬರೆದದ್ದು ಅದೇ ಮೊದಲು. ಕೆಳಗೆ ನೀಲಕ್ಕ ಬ್ಯಾಟು ಹಿಡಿದು ನಿಂತಿದ್ದಳು. ನಾನು ಹತ್ತಿರ ಹೋಗಿ ನೋಡಿದೆ. ಮುಖ ಅವಳದೇ, ತಂಗಿಯ ಮದುವೆಯಲ್ಲಿ ತೆಗೆದದ್ದು, ಮೂಗುಬೊಟ್ಟು ಸಮೇತ. ಕುತ್ತಿಗೆಯಿಂದ ಕೆಳಗೆ ಯಾವುದೋ ದೇಶದ ಆಟಗಾರ್ತಿಯ ಮೈ. ಕೈಯಲ್ಲಿದ್ದದ್ದು ನಮ್ಮ ಕಟ್ಟಿಗೆಯ ಬ್ಯಾಟೂ ಅಲ್ಲ, ಶಟಲ್ ಬ್ಯಾಟು. ಅದನ್ನು ಅಂಗೈ ತುಂಬ, ಬಿಗಿಯಾಗಿ, ಸರಿಯಾಗಿ ಹಿಡಿದಿದ್ದಳು.

ಫ್ಲೆಕ್ಸ್ ಅಂಗಡಿಯ ಹುಡುಗ ಅಲ್ಲೇ ಹಗ್ಗ ಬಿಗಿಯುತ್ತಿದ್ದ. "ಅಕ್ಕಾರ, ಅವರು ಆಡೋ ಫೋಟೊ ಯಾರ ಕಡೆನೂ ಸಿಗಲಿಲ್ರಿ. ಚಂದ ಕಾಣ್ಲಿ ಅಂತ ಮೊಬೈಲಿನಾಗಿಂದ ಮೈ ತಗೊಂಡೇನಿ. ಮುಖ ಅವರದ ಐತಿ ನೋಡ್ರಿ."

"ಕೈ ಯಾರದು?"

"ಕೈ ಯಾರು ನೋಡ್ತಾರ್ರಿ?"

"ನಾ ನೋಡ್ತೀನಿ. ಇಳಸು."

ಅವನು ಗಾಬರಿಯಾದ. ಜನ ಸೇರಿದರು. ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದ ಮೇಲೆ ಇಳಿಸಬಾರದು, ಸತ್ತವರಿಗೆ ಅವಮಾನ ಎಂದರು ಹಿರಿಯರೊಬ್ಬರು. ಕೋಚ್ ಸರ್ ಕೂಡ ಬಂದಿದ್ದರು, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಹೆಚ್ಚು ಮಾತಾಡುವವಳಲ್ಲ. ಆ ದಿನ ಹೇಳಿದ್ದು ಇಷ್ಟೇ: "ಜೀವ ಇದ್ದಾಗ ಬದಲಾಗ್ಲಿಲ್ಲ ಆಕಿ. ಸತ್ತ ಮ್ಯಾಲ ನೀವು ಬದಲು ಮಾಡೂದು ಬ್ಯಾಡ." ಶಮೀಮ ಆಗಲೇ ಗೇಟು ಹತ್ತಿ ಒಂದು ಕಡೆಯ ಹಗ್ಗ ಬಿಚ್ಚಿದ್ದಳು. ಇನ್ನೊಂದು ಕಡೆಯ ಗಂಟು ಬಿಗಿಯಾಗಿತ್ತು. ಕೋಚ್ ಸರ್ ಫ್ಲೆಕ್ಸಿನ ಮೇಲಿನ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಟೋಪಿಯನ್ನು ಕಂಕುಳಲ್ಲಿ ಇರಿಸಿಕೊಂಡು ಆ ಗಂಟು ಬಿಚ್ಚಿದರು.

ಮನೆಗೆ ತಂದು ಅವಳ ಮುಖದ ತುಂಡನ್ನು ಕತ್ತರಿಸಿ ಇಟ್ಟುಕೊಂಡೆ. ಉಳಿದದ್ದನ್ನು ಅತ್ತೆ ಹಿತ್ತಲಿನ ಕಟ್ಟಿಗೆಗೆ ಹೊದಿಸಿದರು. ಯಾವ ದೇಶದವಳೋ ಪಾಪ, ಸರಿಯಾದ ಹಿಡಿತದಲ್ಲಿ ನಮ್ಮ ಕಟ್ಟಿಗೆ ಕಾಯುತ್ತಿದ್ದಾಳೆ.

ಈಗ ಮತ್ತೆ ಆಡುತ್ತಿದ್ದೇವೆ. ಗುಂಟೂರು ಕಾಯಿ ಬಂದ ದಿನವೂ ಆಡುತ್ತೇವೆ, ಅವಳು ಹಿಡಿದಂತೆ ಬೆರಳ ತುದಿಯಲ್ಲಿ ಹಿಡಿಯಲು ನೋಡುತ್ತೇನೆ. ನನಗೆ ಬರುವುದಿಲ್ಲ. ಬ್ಯಾಟು ಜಾರುತ್ತದೆ, ಶಮೀಮ ನಗುತ್ತಾಳೆ, ನಾನು ಹಲಗೇರಿಯ ಹಿಡಿತಕ್ಕೆ ವಾಪಸು ಬರುತ್ತೇನೆ. ಅದು ನನ್ನದು. ಅಗಡಿಯಿಂದ ಶೆಡ್ಡಿಗೆ ಬರುವ ಒಬ್ಬಳು ಐದನೆಯವಳಾಗಿ ಸೇರಿದ್ದಾಳೆ. ಚೆನ್ನಾಗಿ ಆಡುತ್ತಾಳೆ. ಲೆಕ್ಕಕ್ಕೆ ಐದು ಜನ ಇದ್ದೇವೆ.

ಚೆಂಡು ಹಿಂದಿನ ಎಡ ಮೂಲೆಗೆ ಹೋದಾಗ ನಾನು ಈಗಲೂ ಅಲುಗಾಡದೆ ನಿಲ್ಲುತ್ತೇನೆ. ಅಲ್ಲಿಂದ "ನಂದು, ಬಿಡ" ಅನ್ನುವವರು ಇಲ್ಲ.